ಒಂದೂವರೆ ಗಂಟೆ

ನಿನ್ನೆ ರಾತ್ರಿ ಅಂಗಡಿ ಮುಚ್ಚುವಾಗ ಅದೇ ಕೇಳಿತ್ತು:
ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ?
ಹೂಂ ಎಂದು ಒತ್ತಿ ಊಟಕ್ಕೆ ಹೋದೆ.
ತಪ್ಪು ನನ್ನದೇ.

ಬೆಳಿಗ್ಗೆ ಐದೂಕಾಲು.
ರುವಿಯ ಗುಡ್ಡಗಳಿಗೆ ಇನ್ನೂ ಸೀದ ರೊಟ್ಟಿಯ ಬಣ್ಣ.
ಶಟರ್ ಅರ್ಧ ಎತ್ತಿ ನುಸುಳಿ, ಸ್ವಿಚ್ ಹಾಕಿದರೆ
ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು, ಕೊಟ್ಟೆ.
ಆಮೇಲೆ ಕಪ್ಪು.
ಕಪ್ಪಿನ ನಡುವೆ ಒಂದೇ ಒಂದು ಬಿಳಿ ಬಾಣ,
ಮೌಸ್ ಸರಿಸಿದರೆ ಸರಿಯುತ್ತದೆ.
ಅಂದರೆ ಜೀವ ಇದೆ. ಮನೆ ಇಲ್ಲ.

ಏಳೂವರೆಗೆ ಜನ ಬರುತ್ತಾರೆ.
ವೀಸಾ, ಮಗು ಹುಟ್ಟಿದ ಪತ್ರ, ಕಳೆದುಹೋದ ಪತಾಕ
(ಇಲ್ಲಿ ಪತಾಕ ಅಂದರೆ ಬಾವುಟ ಅಲ್ಲ, ಗುರುತಿನ ಕಾರ್ಡು;
ಅದಿಲ್ಲದವನು ಹಾರುವುದೂ ಇಲ್ಲ, ನಿಲ್ಲುವುದೂ ಇಲ್ಲ).
ಅರಬಾಬ್ ಖಲ್ಫಾನ್ ಲೈಸೆನ್ಸಿಗೆ ಬೈಸಾ ಬಿಚ್ಚುವವನಲ್ಲ,
ಅದಕ್ಕೇ ಈ ಪುಕ್ಕಟೆ ಲಿನಕ್ಸು, ಅದಕ್ಕೇ ನಾನು.

ಕಂಟ್ರೋಲು, ಆಲ್ಟು, ಎಫ್ ಮೂರು.
ಮುಂಬಾಗಿಲು ತೆಗೆಯದಿದ್ದರೆ ಹಿತ್ತಿಲು ಸುತ್ತಿ ಹೋಗಬೇಕು.
ಅಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ,
ಕೇಳಿದಷ್ಟಕ್ಕೆ ಉತ್ತರ ಹೇಳುವ ಅಕ್ಷರಗಳು.
ಡಿಸ್ಕ್ ತುಂಬಿದೆಯಾ? ಅರ್ಧ ಖಾಲಿ.
ಗ್ರಾಫಿಕ್ಸ್ ಕಾರ್ಡು? ಅದರ ಮೇಲೆ ಸುಮ್ಮನೆ ಮುಕ್ಕಾಲು ಗಂಟೆ ಗುಮಾನಿ.
ಕೊನೆಗೆ ಹೊಸದೊಂದು ಹೆಸರು ಹುಟ್ಟಿಸಿ ಒಳಗೆ ಕಳಿಸಿದೆ.
ನೀಲಿ ಪರದೆ ಫಳಾರನೆ ಎದ್ದಿತು, ಸ್ವಾಗತ ಅಂದಿತು.

ಹಾಗಾದರೆ ಯಂತ್ರ ಸರಿ. ಆವೃತ್ತಿ ಸರಿ.
ದೋಷ ಇರುವುದು ಲಾದ್ರುವಿನಲ್ಲಿ.

ಲಾದ್ರು ಮಥಾಯಸ್. ಈ ಕುರ್ಚಿಯಲ್ಲಿ ಹನ್ನೊಂದು ವರ್ಷ.
ಕ್ಯಾನ್ಸಲ್ ಆಗಿ ಹೋದ, ಹೆಸರು ಮಾತ್ರ ಯಂತ್ರದಲ್ಲಿ ಉಳಿಯಿತು.
ದಿನಾ ನಾನು ಅವನಾಗಿಯೇ ಒಳಗೆ ಹೋಗುವುದು.
ಚುಕ್ಕಿಯಿಂದ ಶುರುವಾಗುವ ಫೋಲ್ಡರು ಕಣ್ಣಿಗೆ ಬೀಳದು,
ಬಂಕ್ ಮಂಚದಡಿಯ ಸೂಟ್‌ಕೇಸಿನ ಹಾಗೆ;
ರೂಮು ಬದಲಾದಾಗೆಲ್ಲ ಬಿಚ್ಚದೆಯೇ ಜೊತೆಗೆ ಬರುತ್ತದೆ.

ಅಳಿಸಬಾರದು, ಹೆಸರು ಬದಲಿಸಿ ಬದಿಗಿಡಬೇಕು.
ಕಲಿಸಿದವನೂ ಅವನೇ.
'ಹಳೆಯದು' ಎಂದು ಹೆಸರಿಟ್ಟು ಬದಿಗಿಟ್ಟೆ. ಪರದೆ ಬಂತು.
ಅರ್ಧ ತಂದು ಹಾಕಿದೆ. ಬಂತು.
ಉಳಿದರ್ಧ. ಕಪ್ಪು.
ಅದರಲ್ಲಿ ಅರ್ಧ, ಅದರಲ್ಲೂ ಅರ್ಧ,
ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ,
ಕೊನೆಗೆ ಒಂದು ಫೈಲು, ಅದರಲ್ಲಿ ಒಂದು ಸಾಲು:

ಎರಡನೇ ಗಡಿಯಾರ. ಕೋಲ್ಕತ್ತ.

ಭಾರತದ ಹೊತ್ತಿಗೆಲ್ಲ ಯಂತ್ರ ಇಟ್ಟ ಹೆಸರು ಅದು.
ಲಾದ್ರು ಕೋಲ್ಕತ್ತ ಕಂಡವನಲ್ಲ, ಕಿನ್ನಿಗೋಳಿಯವನು.
ಯಾರದೋ ಅರ್ಜಿ ಬಡಿಯುತ್ತ, ಇಲ್ಲಿ ಎರಡೂವರೆಗೆ,
ಪರದೆಯ ಮೂಲೆಗೆ ಕಣ್ಣು ಹಾಯಿಸಿ
'ಸಣ್ಣವಳು ಶಾಲೆ ಬಿಟ್ಟಳು' ಅನ್ನುತ್ತಿದ್ದ,
ಬೆರಳು ನಿಲ್ಲಿಸದೆ.

ಹೊಸ ಆವೃತ್ತಿಯಲ್ಲಿ ಆ ಗಡಿಯಾರ ಕೈಬಿಟ್ಟಿದ್ದಾರಂತೆ.
ಎದ್ದ ಕೂಡಲೇ ಇದು ಮೊದಲು ಅದನ್ನೇ ಹುಡುಕುತ್ತದೆ,
ಸಿಗುವುದಿಲ್ಲ, ಬೀಳುತ್ತದೆ,
ಮತ್ತೆ ಏಳುತ್ತದೆ, ಮತ್ತೆ ಅದನ್ನೇ.
ರಾತ್ರಿಯಿಡೀ ಹೀಗೇ ಬಿದ್ದೆದ್ದ ಲೆಕ್ಕ ದಾಖಲೆಯಲ್ಲಿದೆ.

ಸಾಲನ್ನು ಒರೆಸಲಿಲ್ಲ. ಮುಂದೊಂದು ಗುರುತು ಹಾಕಿದೆ:
ಇರಲಿ, ಓದಬೇಡ.

ಏಳೂ ಹತ್ತು. ಎಲ್ಲ ಬಂತು,
ಅರ್ಜಿಗಳು, ಮುದ್ರೆಗಳು, ಅರಬ್ಬಿ ಕೀಲಿಮಣೆ.
ಮೂಲೆಯಲ್ಲಿ ಒಂದೇ ಗಡಿಯಾರ, ಪಕ್ಕದಲ್ಲಿ ಬೆರಳಗಲ ಖಾಲಿ.
ಲಾದ್ರುವಿಗೆ ಫೋನು ಮಾಡೋಣ ಅನ್ನಿಸಿತು.
ಹೋದ ಸಲ ಮಾಡಿದಾಗ ಹಲೋ ಕೂಡ ಹೇಳದೆ ಕೇಳಿದ್ದ:
'ಈಗ ಶಟರ್ ಎತ್ತುವ ಹೊತ್ತಲ್ಲವಾ ಮಾರಾಯ?'

ಶಟರ್ ಪೂರ್ತಿ ಎತ್ತಿದೆ.
ಸಿಲ್ಹೆಟ್ಟಿನ ಮುಕ್ತಾದಿರ್ ಮೆಟ್ಟಿಲ ಮೇಲೆ ಆಗಲೇ ಕೂತಿದ್ದ.
ಬನ್ನಿ ಭಾಯ್. ಹೆಸರು? ಹೇಳಿದ.
ಹುಟ್ಟಿದ ತಾರೀಕು?
ಅಮ್ಮನಿಗೆ ನೆನಪಿಲ್ಲ ಅಂದ,
ಎಲ್ಲರಿಗೂ ಹಾಕುತ್ತೀರಲ್ಲ,
ಜನವರಿ ಒಂದೇ ಹಾಕಿ.