ಹನ್ನೆರಡರ ಮಗ್ಗಿ

ಮಗ್ಗಿಗಳಲ್ಲಿ ನನಗೆ ಬರುವುದು ಒಂದೇ.
ಹನ್ನೆರಡೊಂದ್ಲೆ ಹನ್ನೆರಡು, ಹನ್ನೆರಡೆರಡ್ಲೆ ಇಪ್ಪತ್ತನಾಲ್ಕು,
ಅಲ್ಲಿಂದ ನೂರಿಪ್ಪತ್ತರವರೆಗೆ, ನಿದ್ದೆಯಲ್ಲೂ.
ಏಳರದು ಬರುವುದಿಲ್ಲ. ಎಂಟರದನ್ನು ಬೆರಳ ಮೇಲೆ ಎಣಿಸುತ್ತೇನೆ.
ಐದನೇ ಕ್ಲಾಸಿನ ಬೇಸಿಗೆ ರಜೆಗೆ
ಬಳ್ಳಾರಿ ಕೌಲ್‌ಬಜಾರಿನ ಈ ಓಣಿಗೆ ದಾರ ಕತ್ತರಿಸಲು ಬಂದವಳು ನಾನು.
ರಜೆ ಮುಗಿದದ್ದನ್ನು ಯಾರೂ ಹೇಳಲಿಲ್ಲ.

ಜೀನ್ಸ್ ಪ್ಯಾಂಟಿಗೆ ಡಜನ್ನಿನ ಲೆಕ್ಕ.

ಮೊದಲ ವಾರದ ಕೂಲಿ ಹದಿನೆಂಟು ರೂಪಾಯಿ.
ಅಬ್ಬಾನ ಅಂಗೈಯಲ್ಲಿಟ್ಟೆ. ಎಣಿಸದೆ ಜೇಬಿಗಿಳಿಸಿದ.
ಅಂದು ರಾತ್ರಿ ಅಮ್ಮೀ
ಅಣ್ಣನಿಗಿಂತ ಮೊದಲು ನನ್ನ ತಟ್ಟೆಗೆ ಬಡಿಸಿದಳು.
ಸುಳ್ಳೇಕೆ ಹೇಳಲಿ,
ಆ ರಾತ್ರಿಯಷ್ಟು ಎತ್ತರ ನಾನು ಮತ್ತೆಂದೂ ಬೆಳೆದಿಲ್ಲ.

ಈಗ ಆರು ಮಷೀನು ನನ್ನವು.
ಬಾಗಿಲ ಮೇಲೆ ಬೋರ್ಡು:
ಇಲ್ಲಿ ಮಕ್ಕಳಿಂದ ಕೆಲಸ ಮಾಡಿಸುವುದಿಲ್ಲ.
ಬರೆದ ಪೇಂಟರಿಗೆ ಏಣಿ ಹಿಡಿದು ನಿಂತಿದ್ದ ಹುಡುಗನ ವಯಸ್ಸು
ನಾನು ಕೇಳಲಿಲ್ಲ.
ಬಿಸಿಲಿತ್ತು. ಒಂದು ಚೊಂಬು ನೀರು ಕೊಟ್ಟೆ.

ಇವತ್ತು ಶನಿವಾರ, ಬಟವಾಡೆ.
ಈರಮ್ಮನ ಬದಲು ಅವಳ ಮಗ ಗಾದಿಲಿಂಗ ಬಂದ.
ತಲೆ ಮೇಲೆ ಪ್ಯಾಂಟಿನ ಗಂಟು,
ಗಂಟಿನ ಕೆಳಗೆ ಶಾಲೆಯ ಬಿಳಿ ಅಂಗಿ,
ಕಾಲರಿಗೆ ಹತ್ತಿದ ನೀಲಿ.

ಈರಮ್ಮನ ಕೈ ನನಗೆ ಗೊತ್ತು.
ದೀಪಾವಳಿ ಹೊತ್ತಿಗೆ ಕಣ್ಣು ಮಂಜಾಗಿ
ದಾರದ ಜೊತೆ ಬಟ್ಟೆಯನ್ನೂ ಕತ್ತರಿಸಿ ತರುತ್ತಿದ್ದಳು.
ಕೆಟ್ಟ ಪೀಸಿಗೆ ಹದಿನೈದರಂತೆ ಹಿಡಿದುಕೊಂಡೆ.
ಯುಗಾದಿಯಿಂದೀಚೆ ಒಂದೂ ಕೆಟ್ಟಿಲ್ಲ,
ಒಳಜೇಬಿನ ಮೂಲೆ ಕೂಡ ಚೊಕ್ಕ.
"ಕಣ್ಣಿನ ಆಪರೇಷನ್ ಆತೇನೇ ಈರಮ್ಮ?" ಎಂದು ನಕ್ಕಿದ್ದೆ.
ಅವಳೂ ನಕ್ಕಿದ್ದಳು, ಬಾಯಿಗೆ ಸೆರಗಿಟ್ಟು.

ಗಂಟು ಇಳಿಸಿ ಹುಡುಗ ಕೇಳಿದ್ದು ಕೆಲಸವನ್ನಲ್ಲ.
"ಆಪಾ, ಇವು ನಾ ಮಾಡಿದ್ದು.
ನಾಕು ತಿಂಗಳಿಂದ ಎಲ್ಲಾ ನಾನ ಮಾಡೀನಿ.
ಬುಕ್ಕಿನಾಗ ನನ್ನ ಹೆಸರು ಬರೀರಿ."

ಒಂದೊಂದಾಗಿ ಮಷೀನು ನಿಂತವು.
ದುಡ್ಡು ಅಮ್ಮನ ಕೈಗೇ ಕೊಡಬೇಕಂತೆ.
ಹೆಸರಷ್ಟೇ ಇವನಿಗೆ.

ಕಾನೂನು ಹೇಳಿದೆ. ಬೋರ್ಡು ತೋರಿಸಿದೆ.
ಕತ್ತೆತ್ತಿ ನಿಧಾನ ಓದಿದ, ಒಂದು ಒತ್ತಕ್ಷರವೂ ತಪ್ಪದೆ.
"ಇಲ್ಲಿ ಅಂತ ಐತಲ್ಲ ಆಪಾ.
ನಾ ಮಾಡಿದ್ದು ಮನ್ಯಾಗ."

ಏನು ಹೇಳಲಿ ಇವನಿಗೆ.
ಓದು ಎನ್ನಲೇ? ಓದುತ್ತಿದ್ದಾನೆ,
ಸಂಜೆ ಆರರಿಂದ ಹತ್ತು ಪ್ಯಾಂಟಿನ ರಾಶಿಗೆ,
ಹತ್ತಾದ ಮೇಲೆ ಪುಸ್ತಕಕ್ಕೆ.
ಬೇಡ ಎನ್ನಲೇ? ಈರಮ್ಮ ಮತ್ತೆ ಬಟ್ಟೆ ಕತ್ತರಿಸಿಯಾಳು,
ನಾನು ಮತ್ತೆ ಹದಿನೈದು ಹಿಡಿದೇನು.
ದುಡಿತ ಆಗಿಹೋಗಿದೆ, ನಾನು ಅದನ್ನು ಮಾರಿಯೂ ಆಗಿದೆ.
ಹೆಸರು ಬರೆದರೆ ಮಾತ್ರ ಅಪರಾಧ.

ಬರೆದೆನೆಂದೇ ಇಟ್ಟುಕೊಳ್ಳಿ,
ಆ ಸಾಲಿನಲ್ಲಿ ಇವನು ಒಂದು ಗೇಣು ಬೆಳೆದು ನಿಲ್ಲುವುದು
ಈಗಲೇ ಕಾಣುತ್ತಿದೆ ನನಗೆ.
ಆ ಬೆಳವಣಿಗೆಯನ್ನು ಬಲ್ಲೆ.
ಅದು ಅಲ್ಲಿಗೇ ನಿಲ್ಲುತ್ತದೆ.

ಬುಕ್ಕಿನ ಹಳೆಯ ಹಾಳೆ ತಿರುವಿದೆ.
ಈರಮ್ಮನ ಕೆಟ್ಟ ಪೀಸು ಇಪ್ಪತ್ತೇಳು.
"ಲೇ, ಹದಿನೈದು ಇಪ್ಪತ್ತೇಳ್ಲೆ ಎಷ್ಟೋ?"
"ನಾನೂರಾ ಐದು."
ಕೇಳಿ ಮುಗಿಸುವ ಮೊದಲೇ.

ವಾರದ ಕೂಲಿಯ ಜೊತೆ ಅದನ್ನೂ ಕೊಟ್ಟೆ.
ಅಮ್ಮನ ಕನ್ನಡಕಕ್ಕೆ ಅಂತ ಹೇಳು ಎಂದೆ.
ಇವನು ಎಣಿಸಿದ, ಅಬ್ಬಾನಂತಲ್ಲ, ಎರಡು ಸಲ.

ಹೋಗಲಿಲ್ಲ.
ಬುಕ್ಕು ತೆರೆದೇ ಇತ್ತು, ಅದನ್ನೇ ನೋಡುತ್ತ ನಿಂತ.
ನಿಂತವನ ಕೈ, ಅವನಿಗೇ ತಿಳಿಯದಂತೆ,
ರಾಶಿಯ ಮೇಲಿನ ಪ್ಯಾಂಟಿನಿಂದ
ಒಂದು ದಾರ ಎಳೆದು ತೆಗೆಯಿತು.