ಪೌತಿ ಖಾತೆ

ಅರಕಲಗೂಡಿನ ತಾಲ್ಲೂಕು ಕಚೇರಿ ಎದುರು
ಹದಿನೇಳು ವರ್ಷದಿಂದ ಅರ್ಜಿ ಟೈಪು ಮಾಡುವವಳು ನಾನು.
ತಾತ ಸತ್ತು ಮೂವತ್ತು ವರ್ಷವಾದರೂ
ಪಹಣಿಯಲ್ಲಿ ಇನ್ನೂ ಉಳುತ್ತಲೇ ಇರುವುದನ್ನು
ದಿನಕ್ಕೆ ನಾಲ್ಕು ಸಲ ಕಂಡವಳು.
'ಮಾನ್ಯರೇ' ಎಂದು ಶುರುಮಾಡಿ
'ತಮ್ಮ ವಿಶ್ವಾಸಿ'ಯ ಕೆಳಗೆ ಜಾಗ ಬಿಟ್ಟು
ಹೆಬ್ಬೆಟ್ಟಿಗೆ ಶಾಯಿ ಹಿಡಿದವಳು.

ಮೇ ತಿಂಗಳಲ್ಲಿ ಟ್ರಾನ್ಸ್‌ಫಾರ್ಮರಿಗೆ ಸಿಡಿಲು ಬಿತ್ತು.
ಕಂಪ್ಯೂಟರು ಒಂದು ಸಲ ಸೀದ ಈರುಳ್ಳಿ ವಾಸನೆ ಹೊಡೆದು
ಸುಮ್ಮನಾಯಿತು.
ಪುಣ್ಯಕ್ಕೆ ಬ್ಯಾಕಪ್ ಇತ್ತು,
ಶನಿವಾರ ಶನಿವಾರ ತುಂಬಿಸಿ
ಬೀರುವಿನಲ್ಲಿ, ಒಡವೆ ಡಬ್ಬಿಯ ಪಕ್ಕ,
ಹಳೆ ಕಾಲುಚೀಲದೊಳಗೆ ಇಟ್ಟ ಕರಿ ಡಿಸ್ಕು.

ಹೊಸ ಯಂತ್ರ ಬಂತು. ತಂತಿ ಚುಚ್ಚಿದೆ.
ಫೋಲ್ಡರು ಕಾಣುತ್ತದೆ, ಹೆಸರೂ ಕಾಣುತ್ತದೆ,
'ನನ್ನವು' ಅಂತ ನಾನೇ ಇಟ್ಟ ಹೆಸರು.
ಒತ್ತಿದರೆ: ನಿಮಗೆ ಅನುಮತಿ ಇಲ್ಲ.
ಮತ್ತೆ ಒತ್ತಿದೆ. ಅನುಮತಿ ಇಲ್ಲ.
ಎಲ್ಲಾ ನಕಲು ಮಾಡು ಅಂದೆ. ಒಂದೊಂದಕ್ಕೂ ನಿಂತು
ಬಿಟ್ಟು ಮುಂದೆ ಹೋಗಲೇ ಎಂದು ಕೇಳಿತು.
ಬಿಟ್ಟು ಮುಂದೆ ಹೋಗುವಂತಿದ್ದರೆ, ಮಾರಾಯ,
ಡಿಸ್ಕು ಯಾಕೆ ಇಡುತ್ತಿದ್ದೆ?

ಹಾಸನದ ರಿಪೇರಿ ಹುಡುಗ ತೌಸೀಫ್, ಫೋನಿನಲ್ಲಿ:
"ಮಾಲೀಕರು ಯಾರು ಅಂತಿದೆ ನೋಡಿ ಅಕ್ಕಾ."
ನೋಡಿದೆ. ಹೆಸರಿಲ್ಲ.
ಸರ್ವೆ ನಂಬರಿಗಿಂತ ಉದ್ದದ ಒಂದು ಸಂಖ್ಯೆ,
ಪಕ್ಕದಲ್ಲಿ: ಗುರುತಿಲ್ಲದ ಖಾತೆ.
"ಅದು ನೀವೇ. ಹಳೆ ಮಿಷಿನ್ನಿನ ನೀವು.
ಆ ಮಿಷಿನ್ನು ಹೋಯ್ತಲ್ಲ, ಅವರೂ ಹೋದರು."

ನಗು ಬಂತು. ಆಮೇಲೆ ಬರಲಿಲ್ಲ.
ಎಷ್ಟು ಜನಕ್ಕೆ ಹೇಳಿದ್ದೇನೆ ಇದೇ ಕುರ್ಚಿಯಲ್ಲಿ ಕೂತು,
ಹೊಲ ನಿಮ್ಮದೇ ಇರಬಹುದು ಯಜಮಾನರೇ,
ಖಾತೆ ನಿಮ್ಮದಲ್ಲವಲ್ಲ ಎಂದು.

ಅವನು ಹೇಳಿದಂತೆ ಒತ್ತುತ್ತ ಹೋದೆ.
ಮೇಲಧಿಕಾರಿಯಾಗಿ ಒಳಗೆ ಬನ್ನಿ. ಬಂದೆ.
ಮಾಲೀಕತ್ವ ಬದಲಿಸಿ. ಒಳಗಿನ ಎಲ್ಲ ಫೋಲ್ಡರಿಗೂ.
ಮರಣ ಪತ್ರ ಕೇಳಲಿಲ್ಲ, ಮೆಂಬರ ಸಹಿ ಕೇಳಲಿಲ್ಲ,
ತಕರಾರಿದ್ದರೆ ಹೇಳಿ ಎಂದು ಗೋಡೆಗೆ ನೋಟೀಸು ಅಂಟಿಸಲಿಲ್ಲ.
ಹಸಿರು ಪಟ್ಟಿ ಕಂಬಳಿಹುಳದಂತೆ ಹರಿಯಿತು.
ಹೊರಗೆ ಶುಂಠಿ ಲಾರಿ ಹಿಂದಕ್ಕೆ ಬರುತ್ತ
ಒಂದೇ ಸಮನೆ ಕೂಗಿಕೊಳ್ಳುತ್ತಿತ್ತು.

ಬಂದವು:
ಮಗಳ ಬಸ್ ಪಾಸಿನ ಫೋಟೊ, ಒಂದು ಕಣ್ಣು ಮುಚ್ಚಿದ್ದು;
ಚೀಟಿ ಲೆಕ್ಕ, ಅದರಲ್ಲಿ ಪುಟ್ಟಲಕ್ಷ್ಮಿ ಇನ್ನೂ ಕೊಡದ ಎಂಟು ನೂರು;
ಹಲಸಿನ ಹಪ್ಪಳದ ಅಳತೆ;
ಮತ್ತೆ ಯಾವತ್ತೋ ಟೈಪು ಮಾಡಿದ ಒಂದು ಹಾಳೆ,
'ಮಾನ್ಯರೇ' ಇಲ್ಲ, 'ತಮ್ಮ ವಿಶ್ವಾಸಿ' ಇಲ್ಲ,
'ನನಗೆ ಈ ಮನೆಯಲ್ಲಿ' ಎಂದು ಶುರುವಾಗಿ
ಎರಡನೇ ಸಾಲಿಗೇ ನಿಂತದ್ದು.
ಯಾರಿಗೆ ಬರೆದದ್ದು? ಆ ಉದ್ದ ಸಂಖ್ಯೆಯವಳಿಗೆ ಗೊತ್ತು.
ಈಗ ಅದರ ಒಡತಿ ನಾನು.
ಓದಬಹುದು, ತಿದ್ದಬಹುದು, ಅಳಿಸಬಹುದು,
ಮೂರಕ್ಕೂ ಗುರುತು ಬಿದ್ದಿದೆ.

ಹನ್ನೊಂದು ಫೈಲು ಮಾತ್ರ ಬರಲೇ ಇಲ್ಲ.
ಬೇರೆ ದಾರಿ ಇದೆಯಂತೆ, ನಾಳೆ ನೋಡಬೇಕು.

ಬಾಗಿಲಲ್ಲಿ ಪ್ಲಾಸ್ಟಿಕ್ ಕವರು ಎದೆಗೊತ್ತಿಕೊಂಡ ಮುದುಕಿ:
"ಪೌತಿ ಖಾತೆ ಮಾಡ್ಸ್‌ಬೇಕಿತ್ತು ಕಣವ್ವ."
ಬನ್ನಿ, ಕೂತುಕೊಳ್ಳಿ ಅಂದೆ.
ಹೊಸ ಹಾಳೆ ತೆರೆದೆ.
ತೀರಿಕೊಂಡವರ ಹೆಸರು?