ಖರೇ ಅಂತಿಮ

ಬಾಗಲಕೋಟೆ, ನವನಗರ. ರಾತ್ರಿ ಹತ್ತು ಹೊಡೆದಾಗ
ಕಪ್ಪು ಕಿಟಕಿಯೊಳಗೆ ಬಿಳಿ ಸಾಲು ಎದ್ದು ನಿಂತವು:
ಹಾದಿ ಉದ್ದವಾಯಿತು, ಕಡತ ಸಿಗಲಿಲ್ಲ.
ಮತ್ತೆ. ಮತ್ತೆ. ಸಾವಿರದ ನಾನೂರ ಹನ್ನೆರಡು ಸಲ.

ಕಡತ ಅಲ್ಲೇ ಇದೆ, ಕಣ್ಣಿಗೆ ಕಾಣುತ್ತಿದೆ.
ಯಂತ್ರಕ್ಕೆ ಇನ್ನೂರ ಅರವತ್ತು ಅಕ್ಷರದ ತನಕ ಮಾತ್ರ ಉಸಿರು;
ಆಮೇಲೆ ದಮ್ಮು ಹತ್ತಿ ದಾರಿಯಲ್ಲೇ ಕೂತುಬಿಡುತ್ತದೆ.

ಇದೆಲ್ಲ ಹುಂಡೇಕಾರ ಗುಮಾಸ್ತರ ಕೆಲಸ.
ನಿವೃತ್ತರಾಗುವ ಮುನ್ನ ಒಂದೊಂದು ಫೋಲ್ಡರಿಗೂ
ತೊಟ್ಟಿಲ ಕೂಸಿಗೆ ಇಡುವಷ್ಟು ಪುರಸೊತ್ತಿನಿಂದ
ಹೆಸರಿಟ್ಟು ಹೋಗಿದ್ದಾರೆ:
ಮುಳುಗಡೆ ಶಾಖೆ, ಅದರೊಳಗೆ ಹಳೇ ಊರು,
ಅದರೊಳಗೆ ಅಗಸಿಯ ಕಡೆಯಿಂದ ಬಂದರೆ ಮೂರನೇ ಓಣಿ,
ಓಣಿಯೊಳಗೆ ಅತ್ತಾರರ ಅಂಗಡಿಯ ಹಿಂದಿನ ಸಂದಿ,
ಸಂದಿಯೊಳಗೆ ಬೇವಿನ ಗಿಡದ ಎಡಕ್ಕಿನ ಮನಿ ನೀಲಿ ಬಾಗಿಲು,
ಅದರೊಳಗೆ ಸಾಹೇಬರು ನೋಡಿ ವಾಪಸು ಕಳಿಸಿದ್ದು,
ಅದರೊಳಗೆ ಅಂತಿಮ,
ಅಂತಿಮದೊಳಗೆ ಖರೇ ಅಂತಿಮ.

ನಡುವೆ ಒಂದು ಜಾಗ ಬಿಟ್ಟಿದ್ದರೆ ಸಾಕು,
ಯಂತ್ರ ಹೆಸರನ್ನೇ ಸೀಳುತ್ತದೆ.
ನೀಲಿಯನ್ನು ಬೇರೆ, ಬಾಗಿಲನ್ನು ಬೇರೆ ಹುಡುಕಿ
ಎರಡೂ ಇಲ್ಲ ಎನ್ನುತ್ತದೆ.
ತುಂಬಿದ ಕೊಡ ಎತ್ತಿದ ಹಾಗೆ
ಉದ್ಧರಣ ಚಿಹ್ನೆಯಿಂದ ಎರಡೂ ಕಡೆ ಹಿಡಿಯಬೇಕು.

ಮೊನ್ನೆ ಕೌಂಟರಿಗೆ ಬಂದ ಜೈತುನಬಿ ಬಾಗವಾನ
ವಿಳಾಸ ಹೇಳ್ರಿ ಅಂದರೆ ಅಗಸಿಯಿಂದಲೇ ಸುರು ಮಾಡಿದಳು.
ಫಾರಮ್ಮಿನ ನಲವತ್ತು ಚೌಕ ಮುಗಿದವು,
ಆಕೆ ಇನ್ನೂ ಮನೆ ಮುಟ್ಟಿರಲಿಲ್ಲ.
‘ಈಗಿಂದು ಹೇಳ್ರಿ ಅಮ್ಮಾ.’
‘ಈಗಿಂದೇನೈತಿ, ಪ್ಲಾಟು ನೂರಾ ಹದಿನೆಂಟು.
ಅದು ವಿಳಾಸ ಹೌದೇನೋ ತಮ್ಮಾ? ನಂಬರ ಅದು.’

ಕೊನೆಗೆ ನಾನೂ ಅದನ್ನೇ ಮಾಡಿದೆ.
ಒಂದು ಸಾಲು ಬರೆದೆ: ಶಾಖೆಯಿಂದ ಸಂದಿಯ ತನಕ
ಇಷ್ಟುದ್ದ ಹಾದಿಗೆ ಇನ್ನು ಮೇಲೆ ಝಡ್ ಎಂದು ಹೆಸರು.
ಝಡ್, ಪಕ್ಕದಲ್ಲಿ ಮೇಲೊಂದು ಕೆಳಗೊಂದು ಚುಕ್ಕಿ.
ಅಗಸಿ, ಓಣಿ, ಅತ್ತಾರರ ಅಂಗಡಿ
ಆ ಒಂದಕ್ಷರದ ಬಗಲಲ್ಲಿ ಮುದುಡಿ ಕೂತವು;
ಕಡತಗಳು ಸಲೀಸಾಗಿ ನಡೆದವು ಒಂದರ ಹಿಂದೊಂದು,
ತಕರಾರಿಲ್ಲ.

ಮೂರಕ್ಕೆ ಕರೆಂಟು ಹೋಯಿತು.
ಮತ್ತೆ ಹಚ್ಚಿದಾಗ ಝಡ್ ಇರಲಿಲ್ಲ.
ಅಂಥ ಹೆಸರುಗಳು ಯಂತ್ರ ಎಚ್ಚರಿರುವಷ್ಟು ಹೊತ್ತು ಮಾತ್ರ.
ಉದ್ದನೆಯ ಹಾದಿ ಇದ್ದಲ್ಲೇ ಇತ್ತು,
ಒಂದಕ್ಷರವೂ ಸವೆದಿರಲಿಲ್ಲ.
ಬಾಟಲಿಯ ನೀರು ಕುಡಿದೆ.
ಮುಳುಗಡೆ ಶಾಖೆ, ಹಳೇ ಊರು,
ಅಗಸಿಯ ಕಡೆಯಿಂದ ಬಂದರೆ,
ಒತ್ತುತ್ತ ಹೊರಟೆ.